ವ್ಯಾಪಾರಮುದ್ರೆಯೂ ಅದರ ಕಾಗದಪತ್ರಗಳೂ



ಕೃಷ್ಣಾನದಿಗೆ ಸಮೀಪದಲ್ಲಿರುವ ರಬಕವಿ ಬನಹಟ್ಟಿಗಳೆಂಬ ಜೋಡಿ ಊರುಗಳು ನೇಯ್ಗೆಗೆ ಹೆಸರಾದುವು. ಒಂದರ ಮಗ್ಗುಲಲ್ಲಿ ಒಂದಿದ್ದರೂ ಹಿಂದೆ ಇವೆರಡೂ ಒಬ್ಬನೇ ದೊರೆಯ ಆಳ್ವಿಕೆಗೆ ಒಳಪಟ್ಟಿರಲಿಲ್ಲ. ರಬಕವಿಯು ಸಾಂಗ್ಲಿ ಸಂಸ್ಥಾನಕ್ಕೂ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದುವು. 1948ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. 1956ರಲ್ಲಿ ಈ ಸೀಮೆಯು ಮೈಸೂರು ರಾಜ್ಯಕ್ಕೆ ಬಂದಿತು. 1997ರಿಂದ ಇದು ಬಾಗಲಕೋಟೆ ಜಿಲ್ಲೆಯ ಭಾಗವಾಗಿದೆ. ಆಳುವವರು ಬದಲಾದರೂ ಮಗ್ಗದ ಸದ್ದು ಮಾತ್ರ ನಿಲ್ಲಲಿಲ್ಲ. ಕೈಯಿಂದ ಲಾಳಿಯನ್ನು ಓಡಿಸುತ್ತಿದ್ದ ಎಷ್ಟೋ ಮನೆಗಳಲ್ಲಿ ಈಗ ವಿದ್ಯುತ್ತಿನ ಮಗ್ಗಗಳು ನಿಂತಿವೆ. ಹತ್ತಿಯ ಜತೆಗೆ ಕೃತಕ ನೂಲೂ ಬಂದಿದೆ. ಆದರೂ ಊರಿನ ಬದುಕು ಹಾಸುಹೊಕ್ಕುಗಳನ್ನೇ ನಂಬಿಕೊಂಡಿದೆ.

ಇಂತಹ ಊರಿನಲ್ಲಿ ನೇಯ್ದ ಸೀರೆಯು ದೂರದ ಪೇಟೆಗಳಿಗೆ ಹೋಗಿ, ಅಲ್ಲಿಂದ ಮತ್ತೊಂದು ಸೀಮೆಯ ಹೆಣ್ಣುಮಗಳ ಮೈಮೇಲೆ ಏರುತ್ತದೆ. ಅದನ್ನು ನೇಯ್ದವರು ಯಾರೆಂದು ಆಕೆಗೆ ಗೊತ್ತೆ? ಎಷ್ಟೋ ಸಲ ಗೊತ್ತಿರುವುದಿಲ್ಲ. ಸೀರೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಬೇರೆ ಊರಿನ ಬೇರೆ ಅಂಗಡಿಯ ಹೆಸರಿರುತ್ತದೆ. ಸೀರೆ ಚೆನ್ನಾಗಿ ಬಾಳಿದರೆ ಕೀರ್ತಿಯು ಆ ಹೆಸರಿಗೆ ಸಲ್ಲುತ್ತದೆ. ಮುಂದಿನ ಹಬ್ಬಕ್ಕೆ ಆಕೆ ಕೇಳಿ ಕೊಳ್ಳುವುದೂ ಅದೇ ಹೆಸರನ್ನು. ನೇಯ್ದವನಿಗೆ ದೊರೆತದ್ದು ಆ ದಿನದ ಮಜೂರಿ ಅಥವಾ ಆ ದಿನದ ಬೆಲೆ. ನಾಳೆಯ ಗಿರಾಕಿಯು ಅವನಿಗೆ ದೊರೆಯಲಿಲ್ಲ. ಹೆಸರೆಂಬುದು ಎಷ್ಟು ದೊಡ್ಡ ಆಸ್ತಿಯೆಂಬುದನ್ನು ಇದರಿಂದ ಊಹಿಸಬಹುದು. ಆ ಆಸ್ತಿಯನ್ನು ಕಾಯುವುದಕ್ಕೆ ಕಾಯಿದೆಯು ಏನನ್ನು ಕೇಳುತ್ತದೆ, ನಾವು ಯಾವ ಯಾವ ಕಾಗದಪತ್ರಗಳನ್ನು ಹೊಂದಿಸಿಕೊಳ್ಳಬೇಕು ಎಂಬುದೇ ಈ ದಿನದ ಭಾಷಣದ ವಿಷಯ. ನಾನು ವಕೀಲನಲ್ಲ, ಕಾಲೇಜಿನಲ್ಲಿ ಪಾಠ ಹೇಳತಕ್ಕವನು. ಆದ್ದರಿಂದ ಕಾಯಿದೆಯ ಕಲಮುಗಳನ್ನು ಒಂದೊಂದಾಗಿ ಎಣಿಸುವುದಕ್ಕಿಂತ ಅವುಗಳ ಹಿಂದಿರುವ ನ್ಯಾಯವನ್ನು ತಿಳಿಸಲು ಯತ್ನಿಸುತ್ತೇನೆ.

ಇಂಗ್ಲಿಷಿನಲ್ಲಿ ಟ್ರೇಡ್ ಮಾರ್ಕೆಂದು ಕರೆಯುವುದನ್ನು ನಮ್ಮ ಪೇಟೆಯ ಮಾತಿನಲ್ಲಿ ಮಾರ್ಕಾ ಎನ್ನುತ್ತಾರೆ. ನಾನು ವ್ಯಾಪಾರಮುದ್ರೆಯೆಂದು ಹೇಳುತ್ತೇನೆ. ಒಂದು ಹೆಸರು, ಒಂದು ಚಿತ್ರ, ಒಂದು ಅಕ್ಷರದ ಕಟ್ಟು, ಇಲ್ಲವೆ ಇವೆಲ್ಲ ಸೇರಿದ ಒಂದು ಚೀಟಿ, ಯಾವುದೇ ಆಗಲಿ, "ಈ ಸರಕು ಇಂಥವರಿಂದ ಬಂದದ್ದು" ಎಂಬುದನ್ನು ಕೊಳ್ಳುವವರಿಗೆ ತಿಳಿಸಿದರೆ ಅದು ಮುದ್ರೆಯಾಗುತ್ತದೆ. ಓದು ಬಾರದವರಿಗೂ ಇದು ತಿಳಿಯುವಂಥದು. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಂಚೆಸ್ಟರಿನ ಬಟ್ಟೆಯು ನಮ್ಮ ದೇಶಕ್ಕೆ ಬರುವಾಗ ಪ್ರತಿ ಥಾನಿನ ಮೇಲೂ ಬಣ್ಣಬಣ್ಣದ ಚೀಟಿಗಳನ್ನು ಅಂಟಿಸಿರುತ್ತಿದ್ದರು. ಅವುಗಳಲ್ಲಿ ಆನೆ, ಹುಲಿ, ದೇವದೇವತೆಯರ ಚಿತ್ರಗಳಿರುತ್ತಿದ್ದುವು. ಇಂಗ್ಲಿಷ್ ಅಕ್ಷರ ಬಾರದ ಗಿರಾಕಿಯು ಚಿತ್ರವನ್ನು ಗುರುತಿಟ್ಟುಕೊಂಡು ಮರಳಿ ಅದನ್ನೇ ಕೇಳುತ್ತಿದ್ದನು. ನಮ್ಮ ಮೈಸೂರಿನ ಗಂಧದ ಸಾಬೂನು ಹುಟ್ಟಿ ನೂರು ವರ್ಷಗಳ ಮೇಲಾದರೂ ಅದರ ಮೇಲಣ ಶರಭದ ಆಕೃತಿಯನ್ನು ಕಂಡೊಡನೆ ಜನರು ಗುರುತಿಸುತ್ತಾರಲ್ಲವೆ? ಮುದ್ರೆಯ ಶಕ್ತಿಯು ಇದೇ.

ಇನ್ನು ಕಾಯಿದೆಯ ವಿಚಾರ. ಬ್ರಿಟಿಷ್ ಭಾರತದಲ್ಲಿ ಮುದ್ರೆಗಳ ನೋಂದಣಿಗಾಗಿ 1940ರಲ್ಲಿ ಮೊದಲ ಕಾಯಿದೆಯಾಯಿತು. ಸ್ವಾತಂತ್ರ್ಯಾನಂತರ 1958ರ ಕಾಯಿದೆ ಅದರ ಸ್ಥಾನಕ್ಕೆ ಬಂದಿತು. ಈಗ ನಡೆಯುತ್ತಿರುವುದು 1999ರ ಕಾಯಿದೆ; ಇದು 2003ನೆಯ ಇಸವಿ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದಿದೆ. ಅರ್ಜಿಯ ಕ್ರಮವನ್ನು 2017ರ ನಿಯಮಗಳು ಗೊತ್ತುಪಡಿಸುತ್ತವೆ. ನೋಂದಣಿಯ ಕಚೇರಿಗಳು ಐದು: ಮುಂಬಯಿ, ಅಹಮದಾಬಾದು, ದೆಹಲಿ, ಕೋಲ್ಕತ್ತ ಮತ್ತು ಚೆನ್ನೈ. ಕರ್ನಾಟಕದ ವ್ಯಾಪಾರಿಯ ಅರ್ಜಿಯು ಸಲ್ಲಬೇಕಾದುದು ಚೆನ್ನೈ ಕಚೇರಿಗೆ. ಹಾಗೆಂದು ರಬಕವಿಯವರು ಚೆನ್ನೈಗೆ ಪ್ರಯಾಣ ಮಾಡಬೇಕಾಗಿಲ್ಲ. ಅಂತರ್ಜಾಲದ ಮೂಲಕವೇ ಅರ್ಜಿಯನ್ನು ಒಪ್ಪಿಸಬಹುದು. ಹಾಗೆ ಒಪ್ಪಿಸಿದರೆ ಶುಲ್ಕವೂ ಕೊಂಚ ಕಡಮೆ.

ವಿಷಯವು ಸ್ಪಷ್ಟವಾಗಲೆಂದು ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ರಬಕವಿಯಲ್ಲಿ ಒಬ್ಬ ನೇಕಾರರಿದ್ದಾರೆಂದು ಭಾವಿಸಿರಿ. ಅವರ ತಂದೆಯವರು ನಾಲ್ಕು ಮಗ್ಗಗಳನ್ನು ಹೂಡಿ, ಸೀರೆಗೆ ತೇರಿನ ಚಿತ್ರವಿರುವ ಒಂದು ಚೀಟಿಯನ್ನು ಅಂಟಿಸಿ, "ತೇರು ಮಾರ್ಕಾ" ಎಂದು ಮಾರತೊಡಗಿದರು. ಸೀರೆಗೆ ಹೆಸರು ಬಂದಿತು. ಈಗ ಮಗನು ಆ ಹೆಸರನ್ನು ನೋಂದಾಯಿಸಬೇಕೆಂದು ಹೊರಟಿದ್ದಾನೆ. ಅರ್ಜಿಯ ನಮೂನೆಗೆ ಟಿ.ಎಂ.-ಎ ಎಂದು ಹೆಸರು. ಆ ನಮೂನೆಯು ಮೇಲ್ನೋಟಕ್ಕೆ ಎಷ್ಟು ಕಲಮುಗಳನ್ನು ತೋರಿಸಿದರೂ ಅದು ಕೇಳುವುದು ನಾಲ್ಕೇ ಪ್ರಶ್ನೆಗಳನ್ನು: ನೀನು ಯಾರು? ನಿನ್ನ ಮುದ್ರೆ ಯಾವುದು? ಯಾವ ಸರಕಿಗೆ? ಎಂದಿನಿಂದ? ಈ ನಾಲ್ಕಕ್ಕೂ ನಿಜವಾದ ಉತ್ತರವನ್ನೂ, ಆ ಉತ್ತರಕ್ಕೆ ಆಧಾರವಾದ ಕಾಗದವನ್ನೂ ಒದಗಿಸುವುದೇ ಸಿದ್ಧತೆ.

ಮೊದಲನೆಯದು, ನೀನು ಯಾರು ಎಂಬ ಪ್ರಶ್ನೆ. ಇದು ಸುಲಭವೆಂದು ತೋರುತ್ತದೆ. ಆದರೆ ಮನೆತನದ ವ್ಯಾಪಾರಗಳಲ್ಲಿ ಇದಕ್ಕಿಂತ ತೊಡಕಾದ ಪ್ರಶ್ನೆ ಇನ್ನೊಂದಿಲ್ಲ. ತೇರು ಮಾರ್ಕಾ ತಂದೆಯದೋ? ಹಿರಿಯ ಮಗನದೋ? ಅಣ್ಣತಮ್ಮಂದಿರೆಲ್ಲರದೋ? ಒಟ್ಟಿಗೆ ಇರುವವರೆಗೆ ಯಾರೂ ಇದನ್ನು ಕೇಳುವುದಿಲ್ಲ. ಪಾಲಾದ ಮರುದಿನ ಎಲ್ಲರೂ ಕೇಳುತ್ತಾರೆ. ಮಗ್ಗಗಳನ್ನು ಎಣಿಸಿ ಹಂಚಿಕೊಳ್ಳಬಹುದು, ಮನೆಯನ್ನು ಗೋಡೆಯೆತ್ತಿ ಹಂಚಿಕೊಳ್ಳಬಹುದು. ಹೆಸರನ್ನು ಮಾತ್ರ ಎರಡು ತುಂಡು ಮಾಡುವುದಕ್ಕೆ ಬರುವುದಿಲ್ಲ. ಇಬ್ಬರೂ ಬೇರೆ ಬೇರೆಯಾಗಿ ತೇರಿನ ಚೀಟಿಯನ್ನು ಅಂಟಿಸತೊಡಗಿದರೆ ಗಿರಾಕಿಗೆ ಆ ಚೀಟಿಯಿಂದ ಏನೂ ತಿಳಿಯದಂತಾಗಿ, ತಂದೆಯು ಗಳಿಸಿದ ಹೆಸರು ಇಬ್ಬರಿಗೂ ಇಲ್ಲವಾಗುತ್ತದೆ. ಆದ್ದರಿಂದ ಅರ್ಜಿಯನ್ನು ಬರೆಯುವ ಮೊದಲು ಮನೆಯವರೆಲ್ಲ ಕುಳಿತು ಒಡೆತನವನ್ನು ನಿಶ್ಚಯಿಸಿ ಬರವಣಿಗೆಯಲ್ಲಿಡಬೇಕು. ಒಬ್ಬನದೇ ವ್ಯಾಪಾರವಾದರೆ ಅವನ ಹೆಸರು, ವಿಳಾಸ, ಗುರುತಿನ ಕಾಗದಗಳು ಸಾಕು. ಪಾಲುದಾರಿಕೆಯಾದರೆ ಪಾಲುದಾರಿಕೆಯ ಕರಾರುಪತ್ರವೂ ಪಾಲುದಾರರೆಲ್ಲರ ಹೆಸರುಗಳೂ ಬೇಕು. ಕಂಪನಿಯಾಗಲಿ ಸಹಕಾರಿ ಸಂಘವಾಗಲಿ ಆದರೆ ಅದರ ನೋಂದಣಿಪತ್ರವೂ, ಸಹಿ ಹಾಕುವವನಿಗೆ ಅಧಿಕಾರ ಕೊಟ್ಟ ಠರಾವಿನ ಪ್ರತಿಯೂ ಇರಬೇಕು. ವಕೀಲರ ಅಥವಾ ಏಜೆಂಟರ ಮೂಲಕ ಅರ್ಜಿ ಹೋಗುವುದಾದರೆ ಅವರಿಗೆ ಅಧಿಕಾರಪತ್ರವನ್ನು ಬರೆದುಕೊಡಬೇಕು. ಅದರ ನಮೂನೆಗೆ ಟಿ.ಎಂ.-ಎಂ ಎಂದು ಹೆಸರು.

ಒಡೆತನದ ಮಾತಿಗೇ ಸೇರಿದ ಇನ್ನೊಂದು ಸೂಕ್ಷ್ಮವುಂಟು. ತೇರಿನ ಚಿತ್ರವನ್ನು ಬರೆದವರು ಯಾರು? ಪೇಟೆಯ ಒಬ್ಬ ಚಿತ್ರಗಾರನು ಹಣ ಪಡೆದು ಬರೆದುಕೊಟ್ಟಿದ್ದರೆ ಚಿತ್ರದ ಹಕ್ಕು ಯಾರದೆಂಬ ಪ್ರಶ್ನೆ ಮುಂದೆ ಏಳಬಹುದು. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಸಾಮಾನ್ಯವಾಗಿ ಕೃತಿಯ ಮೊದಲ ಒಡೆಯನು ಅದನ್ನು ರಚಿಸಿದವನೇ, ಆದರೆ ಈ ನಿಯಮಕ್ಕೆ ಅಪವಾದಗಳೂ ಉಂಟು. ಆದುದರಿಂದ ಹಣ ಕೊಟ್ಟ ಪಾವತಿಯ ಜತೆಗೆ, "ಈ ಚಿತ್ರದ ಹಕ್ಕನ್ನೆಲ್ಲ ಇಂಥವರಿಗೆ ಬಿಟ್ಟುಕೊಟ್ಟಿದ್ದೇನೆ" ಎಂಬ ಸಹಿ ಮಾಡಿದ ಪತ್ರವೊಂದನ್ನು ಅವನಿಂದ ಪಡೆದಿಡುವುದು ವಿವೇಕ.

ಎರಡನೆಯದು, ನಿನ್ನ ಮುದ್ರೆ ಯಾವುದು ಎಂಬ ಪ್ರಶ್ನೆ. ಮುದ್ರೆಯ ಸ್ಪಷ್ಟವಾದ ಪ್ರತಿಯನ್ನು ಎಂಟು ಸೆಂಟಿಮೀಟರ್ ಉದ್ದ ಎಂಟು ಸೆಂಟಿಮೀಟರ್ ಅಗಲಕ್ಕೆ ಮೀರದಂತೆ ಒಪ್ಪಿಸಬೇಕು. ಬಣ್ಣವನ್ನು ಹಕ್ಕಿನ ಭಾಗವಾಗಿ ಕೇಳದೆ ನೋಂದಾಯಿಸಿದ ಮುದ್ರೆಯು ಎಲ್ಲ ಬಣ್ಣಗಳಿಗೂ ನೋಂದಾಯಿತವಾದಂತೆಯೇ ಎಂದು ಕಾಯಿದೆಯು ಹೇಳುತ್ತದೆ. ಆದುದರಿಂದ ಬಣ್ಣವೇ ತನ್ನ ಗುರುತೆಂದು ಹೇಳಬೇಕಾದವನ ಹೊರತು ಉಳಿದವರಿಗೆ ಕಪ್ಪು ಬಿಳುಪಿನ ಪ್ರತಿಯೇ ಹಿತ. ಒಮ್ಮೆ ಅರ್ಜಿ ಕೊಟ್ಟ ಮೇಲೆ ಮುದ್ರೆಯ ರೂಪವನ್ನು ಮುಖ್ಯವಾಗಿ ಬದಲಿಸುವ ತಿದ್ದುಪಡಿಗೆ ಅವಕಾಶವಿಲ್ಲ. ಬದಲಿಸಬೇಕೆಂದರೆ ಹೊಸ ಅರ್ಜಿಯನ್ನೇ ಹಾಕಬೇಕು.

ಕನ್ನಡಿಗರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕನ್ನಡದ ಅಕ್ಷರದಲ್ಲಿಯೇ ಮುದ್ರೆಯನ್ನು ನೋಂದಾಯಿಸಲು ಯಾವ ಅಡ್ಡಿಯೂ ಇಲ್ಲ. ಹಿಂದಿ ಇಂಗ್ಲಿಷುಗಳನ್ನು ಬಿಟ್ಟು ಬೇರೆ ಲಿಪಿಯ ಮಾತು ಮುದ್ರೆಯಲ್ಲಿದ್ದರೆ ಅದು ಯಾವ ಭಾಷೆಯದೆಂಬುದನ್ನೂ, ಅದರ ಉಚ್ಚಾರಣೆಯನ್ನೂ, ಅರ್ಥವನ್ನೂ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆದು ಕೊಡಬೇಕೆಂಬುದಿಷ್ಟೇ ನಿಯಮ. "ತೇರು" ಎಂಬ ಮಾತಿಗೆ ರಥವೆಂಬರ್ಥವನ್ನು ತಿಳಿಸಿದರೆ ಸಾಕು. ಇಷ್ಟಕ್ಕೆ ಅಂಜಿ ಇಂಗ್ಲಿಷ್ ಹೆಸರನ್ನು ತಂದು ಸೀರೆಗೆ ಕಟ್ಟುವ ಅಗತ್ಯವಿಲ್ಲ.

ಯಾವ ಮುದ್ರೆಯು ಸಲ್ಲುವುದಿಲ್ಲವೆಂಬುದನ್ನೂ ಹೇಳಬೇಕು. "ರಬಕವಿ ಸೀರೆ" ಎಂಬ ಬರಿಯ ಹೆಸರನ್ನು ಒಬ್ಬನು ತನ್ನದೆಂದು ನೋಂದಾಯಿಸಲು ಹೊರಟರೆ ಕಚೇರಿಯು ಸುಲಭವಾಗಿ ಒಪ್ಪುವುದಿಲ್ಲ. ಅದು ಊರಿನ ಹೆಸರು, ಊರಿನ ನೇಕಾರರೆಲ್ಲರೂ ಹೇಳಿಕೊಳ್ಳಬೇಕಾದ ಹೆಸರು. "ಉತ್ತಮ ಸೀರೆ", "ಗಟ್ಟಿ ಬಣ್ಣ" ಎಂಬಂತಹ ಮಾತುಗಳು ಸರಕಿನ ಗುಣವನ್ನು ವರ್ಣಿಸುತ್ತವೆಯೇ ಹೊರತು ಮಾಡಿದವನನ್ನು ತೋರಿಸುವುದಿಲ್ಲ. ಗೋಮಿ ದಡಿ, ಟೋಪ ತೆನಿ ಸೆರಗು ಮುಂತಾದುವು ಈ ಕಸುಬಿನವರೆಲ್ಲರ ಸೊತ್ತು. ಅವುಗಳಿಗೆ ಒಬ್ಬನು ಬೇಲಿ ಹಾಕಲಾಗದು. ದೀರ್ಘಕಾಲದ ಬಳಕೆಯಿಂದ ಇಂತಹ ಮಾತೂ ಒಬ್ಬನ ಗುರುತಾಗಿ ನಿಂತಿದೆಯೆಂದು ತೋರಿಸಿಕೊಟ್ಟರೆ ಕಾಯಿದೆಯಲ್ಲಿ ಅದಕ್ಕೆ ದಾರಿಯುಂಟು, ಆದರೆ ಆ ದಾರಿ ಉದ್ದವಾದದ್ದು. ಕೃತಕ ನೂಲಿನ ಸೀರೆಗೆ "ಶುದ್ಧ ರೇಷ್ಮೆ" ಎಂಬ ಅರ್ಥ ಕೊಡುವ ಮುದ್ರೆಯಂತೂ ಜನರನ್ನು ವಂಚಿಸುವುದರಿಂದ ಸರ್ವಥಾ ಸಲ್ಲದು. ಜನರ ಧರ್ಮಭಾವನೆಗೆ ನೋವಾಗುವ ಮುದ್ರೆಗಳಿಗೂ ನಿಷೇಧವಿದೆ.

ಇದರ ಜತೆಗೆ, ಬೇರೊಬ್ಬರು ಮೊದಲೇ ಅಂತಹ ಮುದ್ರೆಯನ್ನು ಪಡೆದಿದ್ದಾರೆಯೆ ಎಂಬುದನ್ನು ಹುಡುಕಿ ನೋಡಬೇಕು. ನೋಂದಣಿ ಕಚೇರಿಯ ಅಂತರ್ಜಾಲದ ತಾಣದಲ್ಲಿ ಇದನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ನೋಡುವಾಗ ಅಕ್ಷರಕ್ಕೆ ಅಕ್ಷರ ಹೊಂದಿಸಿದರೆ ಸಾಲದು. ಕಿವಿಗೆ ಒಂದೇ ಆಗಿ ಕೇಳುವ ಹೆಸರು, ಕಣ್ಣಿಗೆ ಒಂದೇ ಆಗಿ ಕಾಣುವ ಚಿತ್ರ, ಒಂದೇ ಅರ್ಥ ಕೊಡುವ ಬೇರೆ ಭಾಷೆಯ ಮಾತು, ಇವೆಲ್ಲವೂ ಹೋಲಿಕೆಯೇ. "ತೇರು" ಎಂಬುವನು "ರಥ"ವನ್ನೂ ಹುಡುಕಬೇಕು.

ಮೂರನೆಯದು, ಯಾವ ಸರಕಿಗೆ ಎಂಬ ಪ್ರಶ್ನೆ. ಜಗತ್ತಿನ ಸರಕು ಮತ್ತು ಸೇವೆಗಳನ್ನೆಲ್ಲ 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಮೊದಲ 34 ಸರಕಿಗೆ, ಉಳಿದ 11 ಸೇವೆಗೆ. ನೂಲಿಗೆ 23ನೆಯ ವರ್ಗ, ಬಟ್ಟೆಗೂ ಹಾಸಿಗೆಯ ಹೊದಿಕೆಗಳಿಗೂ 24ನೆಯದು, ಉಡುಪಿಗೆ 25ನೆಯದು, ಅಂಗಡಿ ನಡೆಸುವ ಸೇವೆಗೆ 35ನೆಯದು. ಸೀರೆಯು ಅಂತರರಾಷ್ಟ್ರೀಯ ಪಟ್ಟಿಯಲ್ಲಿ 25ರಲ್ಲಿದ್ದರೂ ನಮ್ಮ ದೇಶದ ನೋಂದಣಿಗಳಲ್ಲಿ 24ರಲ್ಲಿಯೂ ಕಾಣಸಿಗುತ್ತದೆ. ಆದ್ದರಿಂದ ಹುಡುಕುವವನು ಎರಡನ್ನೂ ನೋಡತಕ್ಕದ್ದು. ಶುಲ್ಕವು ವರ್ಗಕ್ಕೆ ಇಷ್ಟೆಂದು ಇರುತ್ತದೆ. 2017ರ ನಿಯಮಗಳಂತೆ ಒಬ್ಬ ವ್ಯಕ್ತಿಗೂ ಸಣ್ಣ ಉದ್ಯಮಕ್ಕೂ ಅಂತರ್ಜಾಲದ ಅರ್ಜಿಗೆ 4,500 ರೂಪಾಯಿ, ಕೈಬರಹದ ಅರ್ಜಿಗೆ 5,000 ರೂಪಾಯಿ. ಇತರರಿಗೆ ಕ್ರಮವಾಗಿ 9,000 ಮತ್ತು 10,000 ರೂಪಾಯಿ. ಪಾಲುದಾರಿಕೆಯ ಸಣ್ಣ ಉದ್ಯಮದವರು ಈ ರಿಯಾಯಿತಿಯನ್ನು ಪಡೆಯಬೇಕಾದರೆ ಉದ್ಯಮ್ ನೋಂದಣಿಯ ಪತ್ರವನ್ನು ಜತೆಗಿಡಬೇಕು. ಬೇಡದ ವರ್ಗಗಳನ್ನೆಲ್ಲ ಸೇರಿಸಿ ಹಣ ಕಳೆಯುವುದೂ ತಪ್ಪು, ಬೇಕಾದುದನ್ನು ಬಿಡುವುದೂ ತಪ್ಪು. ಬಿಟ್ಟ ಸರಕನ್ನು ಆಮೇಲೆ ಅದೇ ಅರ್ಜಿಯಲ್ಲಿ ಸೇರಿಸಲು ಬರುವುದಿಲ್ಲ.

ಸರಕಿನ ಪ್ರಶ್ನೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಕರ್ನಾಟಕದ ಹಾಲು ಉತ್ಪಾದಕರ ಸಹಕಾರಿ ಮಹಾಮಂಡಲವು 1985ರಿಂದ "ನಂದಿನಿ" ಎಂಬ ಹೆಸರಿನಲ್ಲಿ ಹಾಲನ್ನು ಮಾರುತ್ತ ಬಂದಿದೆ. 1989ರಿಂದ ಬೆಂಗಳೂರಿನ ಒಂದು ಉಪಾಹಾರಗೃಹವು "ನಂದಿನಿ ಡಿಲಕ್ಸ್" ಎಂಬ ಹೆಸರನ್ನು ಬಳಸುತ್ತಿತ್ತು. ಆ ಗೃಹದವರು ತಮ್ಮ ಮುದ್ರೆಯನ್ನು ಆಹಾರಪದಾರ್ಥಗಳ ವರ್ಗದಲ್ಲಿ ನೋಂದಾಯಿಸಲು ಹೊರಟಾಗ ಮಹಾಮಂಡಲವು ತಕರಾರು ಮಾಡಿತು. ವಿವಾದವು ನೋಂದಣಿಯ ಕಚೇರಿಯಿಂದ ಮೇಲ್ಮನವಿಯ ಮಂಡಲಿಗೂ, ಅಲ್ಲಿಂದ ಉಚ್ಚ ನ್ಯಾಯಾಲಯಕ್ಕೂ ಹೋಗಿ, ಕಡೆಗೆ 2018ರ ಜುಲೈ 26ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಎರಡು ಮುದ್ರೆಗಳ ಚಿತ್ರವೂ ಬರಹದ ರೀತಿಯೂ ಬೇರೆ. ಒಂದೇ ವರ್ಗದಲ್ಲಿದ್ದರೂ ಸರಕುಗಳು ಬೇರೆ. ಆದ್ದರಿಂದ ಜನರು ಮೋಸಹೋಗುವ ಸಂಭವವಿಲ್ಲವೆಂದು ಹೇಳಿ ನ್ಯಾಯಾಲಯವು ಉಪಾಹಾರಗೃಹದ ಪಕ್ಷವನ್ನು ಎತ್ತಿಹಿಡಿಯಿತು. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಆ ಹೆಸರು ಅವರಿಗೆ ಸಲ್ಲದೆಂದಿತು. ಇದರಿಂದ ನಾವು ಕಲಿಯತಕ್ಕದ್ದೇನು? ಒಂದು ಮಾತು ಲೋಕಕ್ಕೆಲ್ಲ ಒಬ್ಬನದಾಗುವುದಿಲ್ಲ. ಒಂದು ಸರಕಿನ ಮಟ್ಟಿಗೆ ಅದು ಅವನದಾಗುತ್ತದೆ. ಆದುದರಿಂದ ಸರಕಿನ ವಿವರಣೆಯನ್ನು ಬರೆಯುವ ಎರಡು ಸಾಲುಗಳಲ್ಲಿಯೇ ಹಕ್ಕಿನ ಎಲ್ಲೆಯು ನಿಶ್ಚಯವಾಗುತ್ತದೆ.

ಇನ್ನು ನಾಲ್ಕನೆಯ ಪ್ರಶ್ನೆ, ಎಂದಿನಿಂದ? ನನ್ನ ಮನಸ್ಸಿಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು ಇದು. ಮುದ್ರೆಯನ್ನು ಇನ್ನು ಮುಂದೆ ಬಳಸಬೇಕೆಂದಿದ್ದರೆ "ಬಳಸಲು ಉದ್ದೇಶಿಸಿದೆ" ಎಂದಷ್ಟೇ ಬರೆಯಬಹುದು. ಈಗಾಗಲೇ ಬಳಸುತ್ತಿದ್ದರೆ ಯಾವ ದಿನಾಂಕದಿಂದ ಎಂಬುದನ್ನು ಹೇಳಿ, ಅದನ್ನು ಪ್ರಮಾಣ ಮಾಡಿ ಬರೆದ ಅಫಿಡವಿಟ್ಟನ್ನೂ ಅದಕ್ಕೆ ಆಧಾರಗಳನ್ನೂ ಅರ್ಜಿಯ ಜತೆಗೇ ಒಪ್ಪಿಸಬೇಕು.

ತೇರು ಮಾರ್ಕಾದ ಮಗನು ಇಲ್ಲಿ ನಿಂತುಬಿಡುತ್ತಾನೆ. ತಂದೆಯು ಮೂವತ್ತು ವರ್ಷಗಳಿಂದ ಆ ಹೆಸರಿನಲ್ಲಿ ಮಾರಿದ್ದು ಊರಿಗೆಲ್ಲ ಗೊತ್ತು. ನೂಲಿನ ವ್ಯಾಪಾರಿಗೆ ಗೊತ್ತು, ಬಣ್ಣಗಾರನಿಗೆ ಗೊತ್ತು, ಸಂತೆಯವರಿಗೆ ಗೊತ್ತು. ಆದರೆ ಚೆನ್ನೈಯ ಅಧಿಕಾರಿಗೆ ಗೊತ್ತಿಲ್ಲ. ಅವನಿಗೆ ಗೊತ್ತುಮಾಡಿಸಬಲ್ಲದ್ದು ಕಾಗದ ಮಾತ್ರ. ಮಗನು ಹಳೆಯ ಬಿಲ್ಲುಗಳನ್ನು ತೆಗೆದು ನೋಡುತ್ತಾನೆ. "ಸೀರೆ, 50" ಎಂದಿದೆ. ಯಾವ ಸೀರೆ? ತೇರು ಎಂಬ ಮಾತು ಎಲ್ಲಿಯೂ ಇಲ್ಲ. ಕಿರ್ದಿ ಖತಾವಣಿಗಳಲ್ಲಿ ಕೊಂಡವರ ಹೆಸರಿದೆ, ಹಣದ ಮೊತ್ತವಿದೆ, ಮುದ್ರೆಯ ಹೆಸರಿಲ್ಲ. ಮೂವತ್ತು ವರ್ಷಗಳ ಪ್ರಾಮಾಣಿಕ ವ್ಯಾಪಾರವು ಕಾಯಿದೆಯ ಕಣ್ಣಿಗೆ ಕಾಣದೆ ಹೋಗುವುದು ಹೀಗೆ. ಆ ಐವತ್ತು ಸೀರೆಗಳ ಮುಂದೆ "ತೇರು ಮಾರ್ಕಾ" ಎಂಬ ಎರಡು ಮಾತುಗಳನ್ನು ಬರೆದಿದ್ದರೆ ಆ ಬಿಲ್ಲು ಒಂದು ಹಕ್ಕುಪತ್ರದಷ್ಟು ಬೆಲೆಯುಳ್ಳದ್ದಾಗುತ್ತಿತ್ತು.

ಹಾಗಾದರೆ ಈಗ ಮಾಡುವುದೇನು? ಹುಡುಕಬೇಕು. ಚೀಟಿಯನ್ನು ಅಚ್ಚು ಹಾಕಿಸಿದ ಮುದ್ರಣಾಲಯದ ಬಿಲ್ಲು ಸಿಕ್ಕೀತು. ಅದರಲ್ಲಿ ದಿನಾಂಕವೂ ಮುದ್ರೆಯ ಹೆಸರೂ ಎರಡೂ ಇರುವ ಸಂಭವವುಂಟು. ಹಳೆಯ ಗಿರಾಕಿಗಳು "ತೇರು ಮಾರ್ಕಾ ಕಳುಹಿಸಿರಿ" ಎಂದು ಬರೆದ ಕಾಗದಗಳು, ಲಾರಿಯ ರಸೀದಿಗಳು, ಜಾತ್ರೆಯ ಸಂಚಿಕೆಯಲ್ಲಿ ಕೊಟ್ಟ ಜಾಹೀರಾತು, ಅಂಗಡಿಯ ಫಲಕವು ಕಾಣುವ ಫೋಟೋ, ಗೋಡೆಗೆ ತೂಗಹಾಕಲು ಹಂಚಿದ ಕ್ಯಾಲೆಂಡರು, ಇವೆಲ್ಲವೂ ಸಾಕ್ಷಿಗಳೇ. 2017ರ ಜುಲೈಯಿಂದ ಈಚೆಗೆ ಜಿ.ಎಸ್.ಟಿ. ಬಿಲ್ಲುಗಳು ಇವೆ, ಅವುಗಳಲ್ಲಿ ಸರಕಿನ ವಿವರಣೆಯ ಕಡೆ ಮುದ್ರೆಯ ಹೆಸರನ್ನು ಸೇರಿಸುವುದಕ್ಕೆ ಒಂದು ಕಾಸೂ ಖರ್ಚಿಲ್ಲ. ಸಿಕ್ಕ ಕಾಗದಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ, ಅವುಗಳಲ್ಲಿ ಅತ್ಯಂತ ಹಳೆಯದು ಯಾವ ದಿನವನ್ನು ಸಾಧಿಸುತ್ತದೆಯೋ ಆ ದಿನವನ್ನೇ ಅಫಿಡವಿಟ್ಟಿನಲ್ಲಿ ಬರೆಯುವುದು ಕ್ಷೇಮ. ತಂದೆಯ ಕಾಲದ ಬಳಕೆಯನ್ನು ತನ್ನದೆಂದು ಹೇಳುವವನು ಆ ವ್ಯಾಪಾರವು ತನಗೆ ಹೇಗೆ ಬಂದಿತೆಂಬುದನ್ನೂ ಕಾಗದದಿಂದ ತೋರಿಸಬೇಕಾಗುವುದು.

ಈ ದಿನಾಂಕದಲ್ಲಿ ಕೆಲವರು ಸುಳ್ಳಿಗೆ ಮನಸೋಲುತ್ತಾರೆ. ಹತ್ತು ವರ್ಷ ಹಿಂದಕ್ಕೆ ಹಾಕಿದರೆ ಹಕ್ಕು ಗಟ್ಟಿಯಾದೀತೆಂಬ ಆಸೆ. ಆದರೆ ಅಫಿಡವಿಟ್ಟು ಪ್ರಮಾಣದ ಮಾತು. ಮುಂದೆ ಒಂದು ದಿನ ಎದುರಾಳಿಯು ಬಂದು, ಆ ವರ್ಷ ನಿಮ್ಮ ಊರಿನಲ್ಲಿ ಆ ಮುದ್ರಣಾಲಯವೇ ಇರಲಿಲ್ಲವೆಂದು ತೋರಿಸಿದನೆಂದರೆ ಆ ಒಂದು ಸುಳ್ಳಿನಿಂದ ಉಳಿದ ಸತ್ಯವೆಲ್ಲವೂ ಸಂಶಯಕ್ಕೆ ಒಳಗಾಗುತ್ತದೆ. ಐದು ವರ್ಷದ ನಿಜವು ಹದಿನೈದು ವರ್ಷದ ಸುಳ್ಳಿಗಿಂತ ಬಲವಾದದ್ದು.

ಬಳಕೆಯ ದಿನಾಂಕಕ್ಕೆ ಇಷ್ಟು ಮಹತ್ವವೇಕೆಂದು ಕೇಳಬಹುದು. ನಮ್ಮ ಕಾಯಿದೆಯಲ್ಲಿ ಒಂದು ನ್ಯಾಯವಾದ ಏರ್ಪಾಡಿದೆ. ಒಬ್ಬನು ಮುದ್ರೆಯನ್ನು ನೋಂದಾಯಿಸಿಕೊಂಡಿದ್ದರೂ, ಅವನ ಬಳಕೆಗೂ ನೋಂದಣಿಗೂ ಮೊದಲಿನಿಂದ ಅದನ್ನು ಎಡೆಬಿಡದೆ ಬಳಸುತ್ತ ಬಂದವನನ್ನು ಅವನು ತಡೆಯಲಾರನು. ಅಂದರೆ ಹಣವಂತನಾದ ವ್ಯಾಪಾರಿಯು ಬಡ ನೇಕಾರನ ಹೆಸರನ್ನು ಕದ್ದು ಮೊದಲು ಕಚೇರಿಗೆ ಓಡಿದ ಮಾತ್ರಕ್ಕೆ ಆ ಹೆಸರು ಅವನದಾಗುವುದಿಲ್ಲ. ನೋಂದಣಿಯೇ ಇಲ್ಲದ ಮುದ್ರೆಯನ್ನೂ, ಒಬ್ಬನ ಸರಕನ್ನು ಇನ್ನೊಬ್ಬನದೆಂದು ಮಾರುವ ವಂಚನೆಯ ವಿರುದ್ಧ ನ್ಯಾಯಾಲಯವು ರಕ್ಷಿಸುತ್ತದೆ. ಕಾಯಿದೆಯು ಬಡವನ ಪಕ್ಷದಲ್ಲಿಯೂ ನಿಲ್ಲಬಲ್ಲದು. ಆದರೆ ಒಂದು ಷರತ್ತು: ಮೊದಲು ಬಳಸಿದವನು ತಾನೆಂದು ಅವನು ತೋರಿಸಿಕೊಡಬೇಕು. ಪೆಟ್ಟಿಗೆಯ ತಳದಲ್ಲಿರುವ ಬಣ್ಣಗೆಟ್ಟ ಬಿಲ್ಲು ಎದುರಾಳಿಯ ಹೊಳಪಿನ ಸರ್ಟಿಫಿಕೇಟಿಗಿಂತ ಹೆಚ್ಚಿನದಾಗಬಹುದು. ಪೆಟ್ಟಿಗೆಯಲ್ಲಿ ಬಿಲ್ಲಿಲ್ಲದಿದ್ದರೆ ಆ ನ್ಯಾಯವೂ ಮೂಕವಾಗಿ ನಿಲ್ಲುತ್ತದೆ.

ಹಾಗಾದರೆ ನೋಂದಣಿಯೇ ಬೇಡವೆ ಎಂದರೆ, ಬೇಕು. ನೋಂದಣಿಯಿಲ್ಲದವನು ಪ್ರತಿ ಸಲವೂ ತನ್ನ ಕೀರ್ತಿಯನ್ನು ಮೊದಲಿನಿಂದ ಸಾಧಿಸಬೇಕು. ನೋಂದಾಯಿಸಿದವನಿಗೆ ಆ ಹೊರೆಯು ಬಹಳ ಹಗುರವಾಗುತ್ತದೆ.

ಅರ್ಜಿಯನ್ನು ಒಪ್ಪಿಸಿದ ಮೇಲಣ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅರ್ಜಿಗೆ ಒಂದು ಸಂಖ್ಯೆ ದೊರೆಯುತ್ತದೆ. ಕಚೇರಿಯವರು ಪರೀಕ್ಷಿಸಿ ಆಕ್ಷೇಪಣೆಗಳಿದ್ದರೆ ವರದಿಯನ್ನು ಕಳುಹಿಸುವರು. ಅದು ಕೈಸೇರಿದ 30 ದಿನಗಳೊಳಗೆ ಉತ್ತರ ಹೋಗಬೇಕು. ಒಪ್ಪಿಗೆಯಾದರೆ ಮುದ್ರೆಯನ್ನು ಟ್ರೇಡ್ ಮಾರ್ಕುಗಳ ಪತ್ರಿಕೆಯಲ್ಲಿ ಪ್ರಕಟಿಸುವರು. ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ತಕರಾರು ಕೊಡಬಹುದು. ತಕರಾರಿನ ಪ್ರತಿ ಬಂದ ಎರಡು ತಿಂಗಳಲ್ಲಿ ಅರ್ಜಿದಾರನು ಪ್ರತ್ಯುತ್ತರ ಕೊಡದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆಯೇ ಎಣಿಸುವರು. ಆದುದರಿಂದ ಅರ್ಜಿಯಲ್ಲಿ ಕೊಡುವ ವಿಳಾಸವೂ ಮಿಂಚಂಚೆಯೂ ನಾವು ದಿನವೂ ನೋಡುವಂಥವಾಗಿರಬೇಕು. ಅರ್ಜಿ ತುಂಬಿದ ಅಂಗಡಿಯವನ ಮಿಂಚಂಚೆಯನ್ನು ಕೊಟ್ಟು ಮನೆಗೆ ಬಂದು ನಿಶ್ಚಿಂತೆಯಾಗಿ ಮಲಗಿದರೆ ಗಡುವು ತೀರಿದ ಸುದ್ದಿಯೂ ನಮಗೆ ತಲಪುವುದಿಲ್ಲ. ಎಲ್ಲವೂ ಸುಸೂತ್ರವಾದರೆ ನೋಂದಣಿಯು ಅರ್ಜಿಯ ದಿನದಿಂದಲೇ ಎಣಿಕೆಯಾಗಿ 10 ವರ್ಷ ನಡೆಯುತ್ತದೆ. ಆಮೇಲೆ ಹತ್ತು ಹತ್ತು ವರ್ಷಗಳಿಗೊಮ್ಮೆ ಮುಂದುವರಿಸಿಕೊಳ್ಳಬಹುದು. ಅರ್ಜಿ ಹಾಕಿದವನು ಹೆಸರಿನ ಪಕ್ಕದಲ್ಲಿ ಟಿ.ಎಂ. ಎಂಬ ಅಕ್ಷರಗಳನ್ನು ಬರೆಯಬಹುದು. ವರ್ತುಲದೊಳಗಿನ ಆರ್ ಅಕ್ಷರವನ್ನು ಮಾತ್ರ ನೋಂದಣಿಯಾಗುವ ಮೊದಲೇ ಹಾಕಿಕೊಂಡರೆ ದಂಡಕ್ಕೆ ಗುರಿಯಾಗುವನು. ನೋಂದಾಯಿಸಿದ ಮೇಲೆ ಐದು ವರ್ಷಗಳ ಕಾಲ ಬಳಸದೆ ಬಿಟ್ಟರೆ ಇತರರು ಅದನ್ನು ತೆಗೆದುಹಾಕಿಸಲೂಬಹುದು.

ಇಷ್ಟರವರೆಗೆ ಹೇಳಿದ್ದು ಸ್ವಂತ ಮಗ್ಗವೂ ಸ್ವಂತ ಮಾರಾಟವೂ ಇರುವವನ ಮಾತು. ಆದರೆ ಬೇರೊಬ್ಬರ ನೂಲನ್ನು ತಂದು ಮಜೂರಿಗೆ ನೇಯ್ದು ಕೊಡುವ ಸಂಸಾರಗಳೂ ನಮ್ಮಲ್ಲಿ ಅನೇಕವಿವೆ. ಅವರಿಗೆ ಈ ಕಾಯಿದೆಯಲ್ಲಿ ಏನೂ ಇಲ್ಲವೆ? ಎರಡು ದಾರಿಗಳಿವೆ. ಸಹಕಾರಿ ಸಂಘದಂತಹ ಒಂದು ಸಂಸ್ಥೆಯು ತನ್ನ ಸದಸ್ಯರೆಲ್ಲರ ಪರವಾಗಿ ಒಂದು ಸಾಮೂಹಿಕ ಮುದ್ರೆಯನ್ನು ನೋಂದಾಯಿಸಬಹುದು. ಆಗ ಅರ್ಜಿಯ ಜತೆಗೆ, ಯಾರು ಸದಸ್ಯರು, ಯಾವ ಷರತ್ತಿನ ಮೇಲೆ ಮುದ್ರೆಯನ್ನು ಬಳಸಬಹುದು, ತಪ್ಪಿ ನಡೆದವರಿಗೆ ಏನು ಶಿಕ್ಷೆ ಎಂಬುದನ್ನು ಹೇಳುವ ನಿಯಮಾವಳಿಯನ್ನೂ ಒಪ್ಪಿಸಬೇಕು. ಒಬ್ಬೊಬ್ಬನಿಂದ ಆಗದುದು ಇದರಿಂದ ನೂರು ಮನೆಗಳಿಗೆ ಆದೀತು. ಎರಡನೆಯದು ಭೌಗೋಳಿಕ ಸೂಚಿ, ಜನರು ಜಿ.ಐ. ಎಂದು ಕರೆಯುವಂಥದು. ಇದಕ್ಕೆ ಬೇರೆಯೇ ಕಾಯಿದೆಯಿದೆ, ಅದೂ 1999ರದೇ. ಮೈಸೂರು ರೇಷ್ಮೆಗೆ ಈ ರಕ್ಷಣೆ ದೊರೆತಿದೆ. ನಮ್ಮ ಜಿಲ್ಲೆಯದೇ ಆದ ಇಳಕಲ್ ಸೀರೆಯು ಆ ಪಟ್ಟಿಯಲ್ಲಿ 76ನೆಯ ಸಂಖ್ಯೆಯನ್ನು ಪಡೆದಿದೆ. ಇಲ್ಲಿ ಹೆಸರು ಒಬ್ಬನದಲ್ಲ, ಸೀಮೆಯದು. ಅಲ್ಲಿ ಕ್ರಮವರಿತು ತಯಾರಿಸುವವರು ಅಧಿಕೃತ ಬಳಕೆದಾರರೆಂದು ತಮ್ಮ ಹೆಸರನ್ನು ಬರೆಸಿಕೊಳ್ಳಬಹುದು. ಅದರಂತೆಯೇ, ಇಳಕಲ್ ಎಂಬ ಹೆಸರನ್ನು ತನ್ನ ಸೀರೆಗೆ ಹಚ್ಚುವ ಮುನ್ನ ಅದಕ್ಕೆ ಗೊತ್ತುಪಡಿಸಿದ ಪ್ರದೇಶವನ್ನೂ ನೇಯ್ಗೆಯ ಕ್ರಮವನ್ನೂ ನೋಡಿಕೊಳ್ಳುವುದು ನೆರೆಯವನ ಕರ್ತವ್ಯ. ತನ್ನ ಹೆಸರನ್ನು ಕಾಯಬೇಕೆನ್ನುವವನು ಪರರ ಹೆಸರನ್ನೂ ಕಾಯಬೇಕಷ್ಟೆ.

ನಮ್ಮ ನೇಕಾರರು ಬಾಯಿಮಾತಿನ ಮೇಲೆ ವ್ಯವಹಾರ ನಡೆಸಿಕೊಂಡು ಬಂದವರು. ಸಾವಿರಾರು ರೂಪಾಯಿಗಳ ಸರಕು ಬರಿಯ ಮಾತಿನ ಮೇಲೆ ಕೈಬದಲಾಗುತ್ತಿದ್ದುದು ಈ ಪೇಟೆಗೆ ಭೂಷಣವೇ. ಕಾಗದವು ಆ ನಂಬಿಕೆಗೆ ಶತ್ರುವಲ್ಲ. ಮಾತನ್ನು ಕೇಳಿದವರು ಒಬ್ಬೊಬ್ಬರಾಗಿ ಕಾಲವಾಗುತ್ತಾರೆ. ಕೇಳದ ಊರುಗಳಿಗೆ ಸೀರೆಯು ಹೋಗುತ್ತಿರುತ್ತದೆ. ಆ ಊರುಗಳಲ್ಲಿಯೂ ಆ ಕಾಲದಲ್ಲಿಯೂ ನಮ್ಮ ಪರವಾಗಿ ಮಾತನಾಡಬಲ್ಲುದು ಕಾಗದವೊಂದೇ. ಆದುದರಿಂದ ನೋಂದಣಿಯ ಸಿದ್ಧತೆಯನ್ನು ಅರ್ಜಿ ಬರೆಯುವ ದಿನ ಪ್ರಾರಂಭಿಸಬಾರದು. ಮೊದಲ ಸೀರೆಯನ್ನು ಮಾರುವ ದಿನವೇ ಪ್ರಾರಂಭಿಸಬೇಕು. ಬಿಲ್ಲಿನಲ್ಲಿ ಮುದ್ರೆಯ ಹೆಸರನ್ನು ಬರೆಯಿರಿ. ಅದರ ಒಂದು ಪ್ರತಿಯನ್ನು ತೆಗೆದಿಡಿರಿ. ವರ್ಷಕ್ಕೊಮ್ಮೆ ಯುಗಾದಿಯಲ್ಲೋ ದೀಪಾವಳಿಯ ಲೆಕ್ಕದ ಪೂಜೆಯಲ್ಲೋ ಅವುಗಳನ್ನು ಕಟ್ಟಿ, ಮೇಲೆ ವರ್ಷವನ್ನು ಬರೆದು, ಹುಳ ಹತ್ತದ ಕಡೆ ಇಡಿರಿ. ಒಡೆತನ ಯಾರದೆಂಬುದನ್ನು ಸ್ನೇಹವಿರುವಾಗಲೇ ಬರೆದಿಡಿರಿ. ಇಷ್ಟು ಮಾಡಿದವನಿಗೆ ಅರ್ಜಿಯೆಂಬುದು ಒಂದು ಮಧ್ಯಾಹ್ನದ ಕೆಲಸ.

ಸೀರೆಯನ್ನು ನೇಯುವ ಕೈಗೆ ಅದರ ಮೇಲೆ ತನ್ನ ಹೆಸರನ್ನು ಬರೆಯುವ ಹಕ್ಕೂ ಇರಲೆಂದು ಹಾರೈಸಿ ಈ ಭಾಷಣವನ್ನು ಮುಗಿಸುತ್ತೇನೆ.